ದಾವಣಗೆರೆಯಲ್ಲಿ ಮಾಲ್ ನಡೆಸುವವರಿಗೆ: ಊರನ್ನು ಒಳಗೆ ಕರೆಯುವುದು ಹೇಗೆ?

ದಾವಣಗೆರೆಗೆ ಅಂಗಡಿಗಳ ಬರ ಯಾವತ್ತೂ ಇರಲಿಲ್ಲ. ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ ಒಂದು ಸುತ್ತು ಹಾಕಿದರೆ ಸೂಜಿಯಿಂದ ಹಿಡಿದು ಮದುವೆ ಜವಳಿವರೆಗೆ ಎಲ್ಲ ಸಿಗುತ್ತದೆ, ಅದೂ ಚೌಕಾಸಿ ಮಾಡಿ. ಜಗಳೂರು, ಚನ್ನಗಿರಿ, ಹೊನ್ನಾಳಿಯವರು ಬಿಡಿ, 2018ರಲ್ಲಿ ನಮ್ಮ ಜಿಲ್ಲೆ ಬಿಟ್ಟು ಹೋದ ಹರಪನಹಳ್ಳಿ ಕಡೆಯವರೂ ಜವಳಿ ತೆಗೆಯೋಕೆ ಇಲ್ಲಿಗೇ ಬರುತ್ತಾರೆ. ಇಂಥ ಊರಲ್ಲಿ ಎಸಿ, ಎಸ್ಕಲೇಟರ್ ಹಾಕಿ ಮಾಲ್ ತೆರೆದರೆ ಮೊದಮೊದಲು ಜನ ನೋಡೋಕೆ ಬರುತ್ತಾರೆ. ಎಸ್ಕಲೇಟರ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಆಮೇಲೆ ಮೇಲಿನ ಮಹಡಿಯ ಅಂಗಡಿಗಳು ಒಂದೊಂದಾಗಿ ಶಟರ್ ಎಳೆಯೋಕೆ ಶುರು ಮಾಡುತ್ತವೆ.

ಆಗ ಮ್ಯಾನೇಜರಿಗೆ ‘ಸಮುದಾಯ’ ನೆನಪಾಗುತ್ತದೆ. ಒಂದು ಬ್ಯಾನರ್, ಒಂದು ಲಕ್ಕಿ ಡ್ರಾ, ಯಾವುದೋ ಶಾಲೆಗೆ ನೋಟ್‌ಬುಕ್ ಹಂಚಿ ಫೋಟೋ. ಇದರಿಂದ ಏನೂ ಆಗಲ್ಲ ಅಂತ ಅವರಿಗೂ ಗೊತ್ತು.

ನನ್ನ ಲೆಕ್ಕ ಸರಳ. ಊರಿಗೆ ಕೊಡೋಕೆ ಮಾಲ್ ಹತ್ತಿರ ಇರುವ ದೊಡ್ಡ ಆಸ್ತಿ ಜಾಗ. ನೆರಳು, ಕುಡಿಯುವ ನೀರು, ಶೌಚಾಲಯ, ಬೆಳಕು, ಪಾರ್ಕಿಂಗ್, ಕೂರೋಕೆ ಒಂದು ಬೆಂಚು. ಏಪ್ರಿಲ್ ಬಿಸಿಲಲ್ಲಿ ಪೇಟೆ ತಿರುಗಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಚೆಕ್ ಬರೆಯೋದು ಆಮೇಲೆ ನೋಡೋಣ. ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಅನ್ನುವ ಸಿಎಸ್‌ಆರ್ ನಿಯಮ ಅನ್ವಯ ಆಗೋದು ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳಿಗೆ. ಅವು ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು. ಸಣ್ಣಪುಟ್ಟ ಕಾಂಪ್ಲೆಕ್ಸ್‌ಗಳಿಗೆ ಅದರ ತಲೆನೋವು ಇರಲ್ಲ. ಹಾಗಂತ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ, ಏಕೆಂದರೆ ಕೆಳಗೆ ಹೇಳುವ ಕೆಲಸಗಳಲ್ಲಿ ಮುಕ್ಕಾಲು ಪಾಲಿಗೆ ದುಡ್ಡು ಬೇಕಾಗೋದು ಕಡಿಮೆ, ಒಬ್ಬ ಮನುಷ್ಯನ ಗಮನ ಬೇಕಾಗೋದು ಜಾಸ್ತಿ.

ಮೊದಲು ಗೇಟು

2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಪಂಚೆ ಉಟ್ಟು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆವರೆಗೆ ಹೋಯಿತು, ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಅಲ್ಲಿ ತಡೆದವನು ಸೆಕ್ಯೂರಿಟಿ. ಆದರೆ ಅವನಿಗೆ ಯಾರನ್ನು ಹೇಗೆ ಮಾತಾಡಿಸಬೇಕು ಅಂತ ಯಾರಾದರೂ ಕೂರಿಸಿ ಹೇಳಿದ್ದರಾ ಅನ್ನೋದು ಪ್ರಶ್ನೆ.

ನಿಮ್ಮ ಮಾಲ್‌ನಲ್ಲಿ ಇದನ್ನು ಮೊದಲನೇ ವಾರವೇ ಮುಗಿಸಿ. ಸೆಕ್ಯೂರಿಟಿಯವರನ್ನೆಲ್ಲ ಕೂರಿಸಿಕೊಂಡು ಎರಡು ಗಂಟೆ ಮಾತಾಡಿ. ಪಂಚೆ, ಹೆಗಲ ಮೇಲೆ ಟವಲ್, ಕಂಬಳಿ, ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಎಪಿಎಂಸಿಯಿಂದ ತಂದ ಖಾಲಿ ಗೋಣಿಚೀಲ. ಈ ಊರಿನ ಗಿರಾಕಿ ಹೀಗೇ ಬರೋದು. ಮೆಕ್ಕೆಜೋಳವೋ ಅಡಿಕೆಯೋ ಮಾರಿ ಬಂದ ದಿನ ಅವರ ಜೇಬಲ್ಲಿ ಇರುವಷ್ಟು ದುಡ್ಡು ಜೀನ್ಸ್ ಹಾಕಿದ ಹುಡುಗನ ಜೇಬಲ್ಲಿ ಇರಲ್ಲ. ಆದರೆ ದುಡ್ಡಿನ ಮಾತು ಬಿಡಿ, ದುಡ್ಡೇ ಇಲ್ಲದವರೂ ಸುಮ್ನೆ ಒಳಗೆ ಬಂದು ತಣ್ಣಗೆ ಹತ್ತು ನಿಮಿಷ ಕೂತು ಹೋಗಬಹುದು, ಅದಕ್ಕೆ ಯಾರೂ ಹುಬ್ಬು ಗಂಟಿಕ್ಕಬಾರದು. "ಬರ್ರಿ ಯಜಮಾನ್ರೇ", "ಬರ್ರಿ ಅಕ್ಕಾರೆ" ಅಂದರೆ ಸಾಕು, "ವೆಲ್‌ಕಮ್ ಸರ್" ಬೇಕಿಲ್ಲ. ಎಸ್ಕಲೇಟರ್ ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ. ಸೀರೆ ನೆರಿಗೆ ಸಿಕ್ಕಿಕೊಳ್ಳುತ್ತೆ ಅಂತ ಹೆದರುವ ಹೆಂಗಸರು ತುಂಬಾ ಜನ, ಅವರಿಗೆ ಲಿಫ್ಟ್ ಎಲ್ಲಿದೆ ಅಂತ ಕೇಳುವ ಮೊದಲೇ ತೋರಿಸಲಿ.

ಬಾಗಿಲಲ್ಲಿ ಇಳಿಜಾರು ಇದ್ದರೆ ಟೇಪು ಹಿಡಿದು ಅಳೆಯಿರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ನಮ್ಮಲ್ಲಿ ಕಟ್ಟುವ ಇಳಿಜಾರುಗಳು ಸಾಮಾನ್ಯವಾಗಿ ಸ್ಕೂಟರ್ ಹತ್ತಿಸೋಕೆ ಕಟ್ಟಿದ ಹಾಗಿರುತ್ತವೆ, ವೀಲ್‌ಚೇರಲ್ಲಿ ಕೂತವರು ಅದರ ಮೇಲೆ ಒಬ್ಬರೇ ಹೋಗೋಕೆ ಆಗಲ್ಲ. ಇನ್ನು ಬೋರ್ಡು. ಅಂಗಡಿ ನಾಮಫಲಕದಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಯೇ ಆಗಿದೆ. ಹೊರಗಿನ ಬೋರ್ಡಿಗಷ್ಟೇ ನಿಲ್ಲಿಸಬೇಡಿ. ‘ಶೌಚಾಲಯ’, ‘ಕುಡಿಯುವ ನೀರು’, ‘ಹೊರಗೆ ಹೋಗುವ ದಾರಿ’ ಇವನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ.

ಜವಳಿಗೆ ಬಂದವರ ಬುತ್ತಿ

ಮದುವೆ ಜವಳಿಗೆ ಒಂದು ಮನೆಯವರು ಬಂದರೆ ಅದು ಇಬ್ಬರು ಮೂವರ ಲೆಕ್ಕ ಅಲ್ಲ. ಒಂದು ಕ್ರೂಸರ್ ತುಂಬ ಬರುತ್ತಾರೆ. ಮದುಮಗಳು, ಅವರಮ್ಮ, ಸೋದರತ್ತೆ, ಚಿಕ್ಕಮ್ಮ, ಮೊಣಕಾಲು ನೋವಿನ ಅಜ್ಜಿ, ಮೂರು ಮಕ್ಕಳು, ಕೊನೆಗೆ ಬಿಲ್ ಕೊಡೋಕೆ ಇರುವ ಗಂಡಸರು. ಸೀರೆ ನೋಡೋದು ನಾಲ್ಕು ಜನ, ಉಳಿದವರೆಲ್ಲ ಮಧ್ಯಾಹ್ನದವರೆಗೆ ಕಾಯಬೇಕು. ಎಲ್ಲಿ? ಹೆಚ್ಚಿನ ಮಾಲ್‌ಗಳಲ್ಲಿ ಕೂರೋಕೆ ಇರುವ ಜಾಗ ಫುಡ್‌ ಕೋರ್ಟ್ ಒಂದೇ, ಅಲ್ಲಿ ಏನಾದರೂ ತಗೊಳ್ಳದೆ ಕೂತರೆ ಟೇಬಲ್ ಒರೆಸುವ ಹುಡುಗ ಮೂರು ಸಲ ಬಂದು ಒರೆಸುತ್ತಾನೆ. ಬುತ್ತಿ ಗಂಟು ಬಿಚ್ಚಿದರಂತೂ ಮುಗಿಯಿತು, "ಹೊರಗಿನ ಊಟ ಅಲೋ ಇಲ್ಲ".

ನೆಲಮಹಡಿಯಲ್ಲೋ ಪಾರ್ಕಿಂಗ್ ಪಕ್ಕದ ನೆರಳಲ್ಲೋ ಬುತ್ತಿ ಬಿಚ್ಚೋಕೆ ಅಂತಲೇ ಒಂದು ಜಾಗ ಬಿಡಿ. ಎರಡು ಕಲ್ಲುಬೆಂಚು, ಫ್ಯಾನು, ಕೈ ತೊಳೆಯೋಕೆ ನಲ್ಲಿ, ಒಂದು ಕಸದ ಬುಟ್ಟಿ. ರೊಟ್ಟಿ, ಶೇಂಗಾ ಚಟ್ನಿ ತಿಂದು ಎದ್ದವರು ಫುಡ್‌ ಕೋರ್ಟಿಗೆ ಹೋಗಿ ಐಸ್‌ಕ್ರೀಮ್ ತಗೊಂಡೇ ತಗೊಳ್ಳುತ್ತಾರೆ, ಮಕ್ಕಳು ಬಿಡಬೇಕಲ್ಲ. ಫುಡ್‌ ಕೋರ್ಟಿನವರು ಮೊದಲು ಗೊಣಗುತ್ತಾರೆ. ಗೊಣಗಲಿ. ಒಂದು ಮದುವೆ ಸೀಸನ್ ನೋಡಿ ಅಂತ ಹೇಳಿ.

ಶೌಚಾಲಯದ ಬಗ್ಗೆ ಉದ್ದ ಬರೆಯಲ್ಲ. ಬಳಸೋಕೆ ದುಡ್ಡು ಇಸ್ಕೋಬೇಡಿ, ಬಿಲ್ ಕೇಳಬೇಡಿ, ಭಾರತೀಯ ಶೈಲಿಯದು ಒಂದಾದರೂ ಇರಲಿ, ಬಕೆಟ್ ಮಗ್ ಇರಲಿ, ಬಾಗಿಲ ಚಿಲಕ ಗಟ್ಟಿ ಇರಲಿ. ಮಗುವಿಗೆ ಹಾಲು ಕುಡಿಸೋಕೆ ಬೇರೆ ಕೋಣೆ, ಒಳಗಿನಿಂದ ಚಿಲಕ, ಒಂದು ಕುರ್ಚಿ. ಅದನ್ನು ಪೊರಕೆ ಇಡುವ ಕೋಣೆ ಮಾಡಬೇಡಿ.

ಪಕ್ಕದ ಬೀದಿಯವರ ಹತ್ತಿರ ಹೋಗಿ ಕೂರಿ

ಕಾರ್ಯಕ್ರಮ ಮಾಡುವ ಮೊದಲು ಬೈಸಿಕೊಳ್ಳಬೇಕು. ಮಾಲ್ ಬೆನ್ನಿಗೆ ಇರುವ ಬೀದಿಗಳಲ್ಲಿ ಒಂದು ಸಂಜೆ ನಡೆದುಕೊಂಡು ಹೋಗಿ, ಮಾಲಿನ ಹೆಸರಿರುವ ಟೀ ಶರ್ಟ್ ಬಿಟ್ಟು. ಕಿರಾಣಿ ಅಂಗಡಿ, ಇಸ್ತ್ರಿ ಅಂಗಡಿ, ಆಟೋ ಸ್ಟ್ಯಾಂಡ್, ಅಂಗನವಾಡಿ, ಗುಡಿ ಕಟ್ಟೆ, ಮಸೀದಿ ಕಮಿಟಿಯವರು. "ನಮ್ಮಿಂದ ನಿಮಗೆ ಏನು ತೊಂದರೆ?" ಅಂತ ಕೇಳಿ. ಉತ್ತರ ಎಲ್ಲೆಡೆ ಹೆಚ್ಚೂ ಕಮ್ಮಿ ಒಂದೇ: ಜನರೇಟರ್ ಸದ್ದು ಮತ್ತು ಹೊಗೆ, ಮನೆ ಗೇಟಿಗೆ ಅಡ್ಡ ನಿಲ್ಲಿಸುವ ಬೈಕು, ಬೆಳಗಿನ ಜಾವ ಮಾಲು ಇಳಿಸುವ ಲಾರಿ, ಮಳೆ ಬಂದಾಗ ಉಕ್ಕುವ ಚರಂಡಿ, ಮಾಲ್ ಬೋರ್‌ವೆಲ್ ಕೊರೆದ ಮೇಲೆ ಬತ್ತಿದ ಮನೆ ಬೋರ್‌ವೆಲ್.

ಇದರಲ್ಲಿ ಮೊದಲ ಮೂರಕ್ಕೆ ನಿಮ್ಮ ಕೈಯಲ್ಲೇ ಪರಿಹಾರ ಇದೆ. ಜನರೇಟರ್ ಹೊಗೆಕೊಳವೆಯ ಮುಖ ಮನೆಗಳ ಕಡೆಯಿಂದ ತಿರುಗಿಸಿ, ಎತ್ತರ ಮಾಡಿ. ಲಾರಿಗೆ ಸಮಯ ಗೊತ್ತು ಮಾಡಿ. ವಾರದ ಕೊನೆಯಲ್ಲಿ ಬೀದಿ ಬಾಯಿಗೆ ಒಬ್ಬ ಸೆಕ್ಯೂರಿಟಿ ನಿಲ್ಲಿಸಿ. ನೀರಿನ ವಿಷಯ ದೊಡ್ಡದು. ಈ ಊರು ಕುಡಿಯೋದು ತುಂಗಭದ್ರಾ ನೀರು, ಜೊತೆಗೆ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿಕೊಂಡ ನೀರು. ನಾಲೆ ನಿಂತ ಬೇಸಿಗೆಯಲ್ಲಿ ಎಲ್ಲರ ಕಣ್ಣು ಬೋರ್‌ವೆಲ್ ಮೇಲೆ. ನಿಮ್ಮ ತಾರಸಿ 1,000 ಚದರ ಮೀಟರ್ ಇದ್ದರೆ 10 ಮಿಲಿಮೀಟರ್ ಮಳೆಗೆ 10,000 ಲೀಟರ್ ನೀರು ಬೀಳುತ್ತದೆ. ಅದನ್ನು ಚರಂಡಿಗೆ ಬಿಟ್ಟು ಪಕ್ಕದವರ ಮನೆ ಮುಂದೆ ಉಕ್ಕಿಸುವ ಬದಲು ಇಂಗುಗುಂಡಿಗೆ ತಿರುಗಿಸಿದರೆ ಎರಡು ಜಗಳ ಒಟ್ಟಿಗೇ ಮುಗಿಯುತ್ತವೆ.

ಇಷ್ಟು ಮಾಡಿ, ಒಬ್ಬ ಮನುಷ್ಯನ ಫೋನ್ ನಂಬರ್ ಆ ಬೀದಿಯವರಿಗೆ ಕೊಡಿ. ರಾತ್ರಿ ಹತ್ತಕ್ಕೂ ಎತ್ತುವ ಫೋನು, ಬೆಂಗಳೂರಿನ ಕಾಲ್ ಸೆಂಟರ್ ಅಲ್ಲ.

ಒಂದು ಟೇಬಲ್ ಕೊಡಿ, ಆದರೆ ಸರಿಯಾಗಿ ಕೊಡಿ

ಮಹಿಳಾ ಸ್ವಸಹಾಯ ಸಂಘಗಳಿಗೆ ಮಳಿಗೆ ಕೊಡೋದು ಎಲ್ಲರಿಗೂ ಹೊಳೆಯುವ ಐಡಿಯಾ. ಎಲ್ಲರೂ ಕೆಡಿಸೋದೂ ಇಲ್ಲೇ. ಮಾರ್ಚ್ 8ಕ್ಕೆ ಒಂದು ದಿನ ಕರೆದು, ಹೂಗುಚ್ಛ ಕೊಟ್ಟು, ಫೋಟೋ ತೆಗೆದು ಕಳಿಸಿದರೆ ಯಾರಿಗೂ ಪ್ರಯೋಜನ ಇಲ್ಲ. ಒಂದು ದಿನಕ್ಕೆ ಅಂತ ಚಟ್ನಿಪುಡಿ ಕುಟ್ಟಿ ತಂದವರು ಉಳಿದದ್ದನ್ನು ಹೊತ್ತುಕೊಂಡು ವಾಪಸ್ ಹೋಗಬೇಕು.

ಪ್ರತಿ ಶನಿವಾರ, ಭಾನುವಾರ, ಅದೇ ಜಾಗ, ಅದೇ ಟೇಬಲ್, ವರ್ಷಪೂರ್ತಿ. ಜನಕ್ಕೆ ಅಭ್ಯಾಸ ಆಗಬೇಕು. ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗದಲ್ಲಿ, ಮಹಿಳಾ ಮತ್ತು ಮಕ್ಕಳ ಇಲಾಖೆಯ ಸ್ತ್ರೀಶಕ್ತಿ ಕಡೆಯಲ್ಲಿ ಸಂಘಗಳ ಪಟ್ಟಿ ಸಿಗುತ್ತದೆ. ಸರದಿ ಪ್ರಕಾರ ಕರೆಯಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಪ್ಪಳ, ಸಂಡಿಗೆ, ಕೌದಿ, ತಾಂಡಾಗಳಿಂದ ಬರುವ ಲಂಬಾಣಿ ಕಸೂತಿ ಚೀಲ, ಚಳ್ಳಕೆರೆ ಕಡೆಯ ಕಂಬಳಿ. ಇವು ನಿಮ್ಮ ಬ್ರ್ಯಾಂಡ್ ಅಂಗಡಿಗಳಲ್ಲಿ ಸಿಗಲ್ಲ, ಹಾಗಾಗಿ ಅವರ ವ್ಯಾಪಾರಕ್ಕೂ ಪೆಟ್ಟು ಬೀಳಲ್ಲ. ಸೂಪರ್ ಮಾರ್ಕೆಟ್‌ನವರು "ನಮ್ಮಲ್ಲೂ ಉಪ್ಪಿನಕಾಯಿ ಇದೆ" ಅಂತ ತಕರಾರು ತೆಗೆಯಬಹುದು. ಅವರೇ ಸಂಘದಿಂದ ಸಗಟಾಗಿ ಕೊಳ್ಳಲಿ ಅನ್ನಿ. ಒಳ್ಳೆಯ ತಕರಾರು ಅದು, ವ್ಯಾಪಾರಕ್ಕೆ ತಿರುಗುತ್ತದೆ.

ಈಗ ಸಮಯದ ಸಮಸ್ಯೆ. ಮಾಲ್‌ಗೆ ಜನ ಬರೋದು ಸಂಜೆ ಆರರ ಮೇಲೆ. ಹಳ್ಳಿಯಿಂದ ಬಂದ ಸಂಘದವರಿಗೆ ಆರರ ಹೊತ್ತಿಗೆ ಬಸ್ ಹಿಡಿಯುವ ಚಿಂತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ನಿಜ, ಆದರೆ ಈ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟವೇ ಜಾಸ್ತಿ ಇರುವ ಊರುಗಳು ಸಾಕಷ್ಟಿವೆ, ಅಲ್ಲಿಯವರಿಗೆ ಟಿಕೆಟ್ ತಪ್ಪಲ್ಲ. ಅದಕ್ಕೆ ಹೀಗೆ ಮಾಡಿ. ಹಳ್ಳಿ ಸಂಘಗಳಿಗೆ ಬೆಳಗ್ಗೆ ಹತ್ತರಿಂದ ನಾಲ್ಕು. ನಾಲ್ಕರಿಂದ ಒಂಬತ್ತು ಊರೊಳಗಿನವರಿಗೆ, ನಿಟುವಳ್ಳಿ, ಆಜಾದ್ ನಗರ, ವಿನೋಬನಗರ, ಭಗತ್‌ಸಿಂಗ್ ನಗರದ ಸಂಘಗಳಿಗೆ. ಹಳ್ಳಿಯವರದು ಉಳಿದ ಮಾಲನ್ನು ಸಂಜೆಯವರು ಕಮಿಷನ್ ಮೇಲೆ ಮಾರಿಕೊಡಲಿ. ಆಮೇಲೂ ಉಳಿದರೆ ಇಡೋಕೆ ಬೀಗ ಹಾಕುವ ಒಂದು ಕಪಾಟು ಕೊಡಿ, ಮುಂದಿನ ವಾರ ಹೊತ್ತು ತರುವ ಭಾರ ತಪ್ಪುತ್ತದೆ.

ಬಾಡಿಗೆ ತಗೋಬೇಡಿ. ಟೇಬಲ್, ಎರಡು ಕುರ್ಚಿ, ದೀಪ, ಪ್ಲಗ್ ನಿಮ್ಮದು. ಎಸ್ಕಲೇಟರ್ ಹತ್ತುವ ಜಾಗಕ್ಕೆ ಕಾಣುವ ಹಾಗೆ ಹಾಕಿ, ಹಿಂದಿನ ಲಿಫ್ಟ್ ಮೂಲೆಯಲ್ಲಿ ಅಲ್ಲ. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಪೊಟ್ಟಣದ ಮೇಲೆ ತಯಾರಿಸಿದ ದಿನ, ತೂಕ, ಬೆಲೆ, ಸಂಘದ ಹೆಸರು ಇರಬೇಕು. ಇದು ಅವರಿಗೆ ಗೊತ್ತಿಲ್ಲ ಅಂತ ವಾಪಸ್ ಕಳಿಸಬೇಡಿ. ನಿಮ್ಮ ಆಫೀಸಿನ ಹುಡುಗ ಒಂದು ಮಧ್ಯಾಹ್ನ ಕೂತು ಅರ್ಜಿ ತುಂಬಿಕೊಡಲಿ, ಚೀಟಿ ಪ್ರಿಂಟ್ ಹಾಕಿಕೊಡಲಿ. ಇನ್ನೊಂದು ಸಣ್ಣ ವಿಷಯ, ಆದರೆ ಸಂಘ ಒಡೆಯೋದೇ ಇದರಿಂದ: ಫೋನ್‌ಪೇ ಕ್ಯೂಆರ್ ಯಾರ ಹೆಸರಲ್ಲಿದೆ? ಒಬ್ಬರ ಮಗನ ಖಾತೆಗೆ ದುಡ್ಡು ಹೋಗುತ್ತಿದ್ದರೆ ಎರಡನೇ ತಿಂಗಳಿಗೆ ಮನಸ್ತಾಪ ಗ್ಯಾರಂಟಿ. ಸಂಘದ ಬ್ಯಾಂಕ್ ಖಾತೆಗೇ ಕ್ಯೂಆರ್ ಮಾಡಿಸಿ.

ಖಾಲಿ ಬಿದ್ದ ಅಂಗಡಿ

ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಹೋಗದ ಅಂಗಡಿ ಇದ್ದೇ ಇರುತ್ತದೆ. ಗಾಜಿಗೆ ಪೇಪರ್ ಅಂಟಿಸಿ ‘ಶೀಘ್ರದಲ್ಲೇ’ ಅಂತ ಬರೆದು ಎರಡು ವರ್ಷ ಆಗಿರುತ್ತದೆ. ಅದನ್ನು ಓದುವ ಕೋಣೆ ಮಾಡಿ.

1951ರಲ್ಲಿ ಶುರುವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಿಂದ 2009ರ ದಾವಣಗೆರೆ ವಿಶ್ವವಿದ್ಯಾಲಯದವರೆಗೆ ಎಷ್ಟು ಕಾಲೇಜು ಇವೆ ನೋಡಿ. ಇಲ್ಲಿ ರೂಮು ಮಾಡಿಕೊಂಡು, ಒಂದೇ ರೂಮಲ್ಲಿ ನಾಲ್ಕು ಜನ ಇದ್ದುಕೊಂಡು ಪಿಡಿಒ, ಪೊಲೀಸ್, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಬೇಕಾಗಿರೋದು ಸದ್ದಿಲ್ಲದ ಒಂದು ಟೇಬಲ್, ಒಂದು ಪ್ಲಗ್, ಕುಡಿಯೋಕೆ ನೀರು. ಇಪ್ಪತ್ತು ಕುರ್ಚಿ ಸಾಕು. ಕನ್ನಡ ದಿನಪತ್ರಿಕೆಗಳು, ಒಂದು ಗೋಡೆ ಗಡಿಯಾರ. ಮಾಲ್ ತೆರೆಯೋದು ಹತ್ತಕ್ಕೆ, ಓದುವವರಿಗೆ ಬೇಕಾಗೋದು ಬೆಳಗ್ಗೆ ಏಳಕ್ಕೆ. ಹಾಗಾಗಿ ಹಿಂದಿನ ಮೆಟ್ಟಿಲು ಬಾಗಿಲು ತೆರೆಸಿ, ಒಬ್ಬ ಸೆಕ್ಯೂರಿಟಿ ಇರಲಿ. ಹುಡುಗಿಯರು ರಾತ್ರಿ ಎಂಟರವರೆಗೆ ಧೈರ್ಯವಾಗಿ ಕೂರಬೇಕು ಅಂದರೆ ಮೆಟ್ಟಿಲ ಮೇಲೆ ಬೆಳಕಿರಬೇಕು, ಸಿಸಿಟಿವಿ ಕೆಲಸ ಮಾಡುತ್ತಿರಬೇಕು. ಅಂಗಡಿ ಬಾಡಿಗೆಗೆ ಹೋದರೆ ಏನು ಮಾಡೋದು? ಒಂದು ತಿಂಗಳು ಮೊದಲೇ ಬೋರ್ಡ್ ಹಾಕಿ, ಇನ್ನೊಂದು ಖಾಲಿ ಅಂಗಡಿಗೆ ಕುರ್ಚಿ ಸಾಗಿಸಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮಾತ್ರ ಮುಚ್ಚಬೇಡಿ.

ಹಬ್ಬ, ಜಾತ್ರೆ, ಕಾರ್ಯಕ್ರಮ

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಮಾಲ್‌ನಲ್ಲಿ ‘ಮೆಗಾ ಸೇಲ್’ ಇಟ್ಟು ಜನರನ್ನು ಎಳೆಯೋಕೆ ಹೋಗಬೇಡಿ, ಯಾರೂ ಬರಲ್ಲ. ಬಂದ ನೆಂಟರಿಗೆ ಊಟ ಹಾಕೋದರಲ್ಲೇ ಊರು ಮುಳುಗಿರುತ್ತದೆ. ಬದಲಿಗೆ ನಿಮ್ಮ ಪಾರ್ಕಿಂಗ್ ತೆರೆದಿಡಿ, ನೀರು ಮಜ್ಜಿಗೆ ಇಡಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಬಗ್ಗೆ ಪೊಲೀಸರ ಜೊತೆ ಸೇರಿ ಮೈಕಲ್ಲಿ ಕೂಗಿಸಿ.

ಕಾರ್ಯಕ್ರಮ ಅಂದ ತಕ್ಷಣ ಬೆಂಗಳೂರಿನಿಂದ ಡಿಜೆ ಕರೆಸಬೇಕಿಲ್ಲ. ಇದು ಕಂಪನಿ ನಾಟಕದ ಊರು. ಹಳೆಯ ಕಲಾವಿದರು ಇನ್ನೂ ಇದ್ದಾರೆ, ಒಂದು ಹಾರ್ಮೋನಿಯಂ, ಒಂದು ತಬಲಾ ಇಟ್ಟು ರಂಗಗೀತೆ ಹಾಡಿಸಿದರೆ ಮೂರು ಮಹಡಿ ಕಟಕಟೆಗೂ ಜನ ಒರಗಿ ನಿಲ್ಲುತ್ತಾರೆ. ಅವರಿಗೆ ಶಾಲು ಹೊದಿಸಿ ಸುಮ್ಮನಾಗಬೇಡಿ, ಸಂಭಾವನೆ ಕೊಡಿ. ಇನ್ನೊಂದು: ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಹತ್ತಿ ಗಿರಣಿಗಳಲ್ಲಿ ಪಾಳಿ ಮಾಡಿದವರು ಈಗ ಅಜ್ಜಂದಿರು. ಅವರ ಮನೆಯ ಟ್ರಂಕಿನಲ್ಲಿ ಗಿರಣಿ ಗೇಟಿನ ಮುಂದೆ ನಿಂತ ಗ್ರೂಪ್ ಫೋಟೋ, ಹಳೆಯ ಹಾಜರಿ ಕಾರ್ಡ್ ಇರುತ್ತವೆ. ಕೇಳಿ ತಂದು, ಸ್ಕ್ಯಾನ್ ಮಾಡಿ, ಅಸಲನ್ನು ಅವತ್ತೇ ವಾಪಸ್ ಕೊಟ್ಟು, ದೊಡ್ಡದು ಮಾಡಿ ಮೊದಲ ಮಹಡಿಯ ಪಡಸಾಲೆಯಲ್ಲಿ ತೂಗುಹಾಕಿ. ಕೆಳಗೆ ಅವರ ಹೆಸರು ಹಾಕೋಕೆ ಅವರನ್ನೇ ಕೇಳಿ. ಮೊಮ್ಮಕ್ಕಳನ್ನು ಕರೆದುಕೊಂಡು ಬಂದು "ಇದು ನಾನು" ಅಂತ ತೋರಿಸುತ್ತಾರೆ ನೋಡಿ, ಯಾವ ಜಾಹೀರಾತೂ ಆ ಕೆಲಸ ಮಾಡಲ್ಲ.

ನಿಯಮಗಳು ಬೇಗ ಹೇಳಿಬಿಡುತ್ತೇನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ವೇದಿಕೆಯಾಗಲಿ ಟೇಬಲ್ ಆಗಲಿ ಬೆಂಕಿ ಬಿದ್ದರೆ ಓಡುವ ದಾರಿಗೆ ಅಡ್ಡ ಬರಬಾರದು. ಮಕ್ಕಳ ಫೋಟೋ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ. ಲಕ್ಕಿ ಡ್ರಾ ಡಬ್ಬಿಯಲ್ಲಿ ಫೋನ್ ನಂಬರ್ ತುಂಬಿಸಿಕೊಂಡು ಆಮೇಲೆ ಮೆಸೇಜ್ ಕಳಿಸಿ ಪೀಡಿಸಬೇಡಿ.

ರಕ್ತದಾನ ಶಿಬಿರ ಇಡೋದಾದರೆ

ಏಪ್ರಿಲ್, ಮೇ ತಿಂಗಳಲ್ಲಿ ಇಡಿ. ರಕ್ತ ಕೊಡುವವರಲ್ಲಿ ಕಾಲೇಜು ಹುಡುಗರೇ ಜಾಸ್ತಿ, ರಜೆಗೆ ಅವರು ಊರಿಗೆ ಹೋದಾಗ ಕೊರತೆ ಬೀಳುತ್ತದೆ. ಪರವಾನಗಿ ಇರುವ ರಕ್ತ ಕೇಂದ್ರದವರೇ ಬಂದು ತೆಗೆಯಬೇಕು, ನಿಮ್ಮದು ಜಾಗ ಅಷ್ಟೇ. 18ರಿಂದ 65 ವರ್ಷ, ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇದನ್ನು ವಾರ ಮೊದಲೇ ಬೋರ್ಡಲ್ಲಿ ಬರೆದರೆ ಬಂದು ನಿರಾಸೆಯಿಂದ ಹೋಗುವವರು ಕಡಿಮೆ ಆಗುತ್ತಾರೆ. ರಂಜಾನ್ ಉಪವಾಸದ ದಿನಗಳಲ್ಲಿ ಹಗಲು ಇಡಬೇಡಿ. ಆ ತಿಂಗಳು ವರ್ಷ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿ.

ಗೇಟಿನ ಮುಂದಿನ ಮಂಡಕ್ಕಿ ಗಾಡಿ

ಮಾಲ್ ಬಂದ ಮೇಲೆ ಗೇಟಿನ ಮುಂದೆ ಮಂಡಕ್ಕಿ ಮೆಣಸಿನಕಾಯಿ ಗಾಡಿ ಬಂದೇ ಬರುತ್ತದೆ. ಮ್ಯಾನೇಜರ್‌ಗಳು ಮೊದಲು ಮಾಡುವ ಕೆಲಸ ಅದನ್ನು ಎಬ್ಬಿಸೋದು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ, ಪಾಲಿಕೆ ಮಟ್ಟದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರುತ್ತದೆ, ಅದರಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ. ಎಬ್ಬಿಸುವ ಅಧಿಕಾರ ನಿಮ್ಮ ಸೆಕ್ಯೂರಿಟಿಗೆ ಇಲ್ಲ. ಅದಕ್ಕಿಂತ, ಸಿನಿಮಾ ನೋಡಿ ಹೊರಬಂದವರು ಆ ಗಾಡಿ ಮುಂದೆ ನಿಂತು ತಿನ್ನುವಾಗಲೇ ನಿಮ್ಮ ಗೇಟು ಬೆಳಗುತ್ತಿರುತ್ತದೆ. ಗಾಡಿ ಎಲ್ಲಿ ನಿಂತರೆ ಆಂಬುಲೆನ್ಸ್ ದಾರಿಗೆ ಅಡ್ಡ ಆಗಲ್ಲ ಅಂತ ಅವರ ಜೊತೆ ಕೂತು ಗೆರೆ ಹಾಕಿ, ಒಂದು ಕಸದ ಡ್ರಮ್ ಇಡಿ, ರಾತ್ರಿ ಒಂದು ದೀಪ. ಡ್ರಮ್ ಖಾಲಿ ಮಾಡೋದು ನಿಮ್ಮ ಪಾಲಿನ ಕೆಲಸ ಅಂತ ಒಪ್ಪಿಕೊಳ್ಳಿ.

ಒಳಗೆ ದುಡಿಯುವವರೂ ಊರಿನವರೇ

ಸೇಲ್ಸ್ ಹುಡುಗಿಯರು, ಹೌಸ್‌ಕೀಪಿಂಗ್ ಅಮ್ಮಂದಿರು ಅಕ್ಕಪಕ್ಕದ ಬಡಾವಣೆಯವರು. ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಾರೆ. ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಡುವ ಕಾನೂನನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಂದವು. ನೀವು ಕಾನೂನಿಗೆ ಕಾಯಬೇಕಿಲ್ಲ, ಪ್ರತಿ ಕೌಂಟರ್ ಹಿಂದೆ ಒಂದು ಸ್ಟೂಲ್ ಇಡಿಸಿ. ಏಜೆನ್ಸಿ ಮೂಲಕ ಬಂದವರಿಗೆ ಪಿಎಫ್, ಇಎಸ್‌ಐ ಕಟ್ಟಿದ ರಸೀದಿ ಪ್ರತಿ ತಿಂಗಳು ತರಿಸಿಕೊಂಡು ನೋಡಿ, ಆಮೇಲೆ ಬಿಲ್ ಪಾಸ್ ಮಾಡಿ. ಇವರು ಸಂಜೆ ಮನೆಗೆ ಹೋಗಿ ಮಾಲ್ ಬಗ್ಗೆ ಏನು ಹೇಳುತ್ತಾರೋ ಅದನ್ನೇ ಬೀದಿ ನಂಬುತ್ತದೆ. ಕೆಲಸ ಖಾಲಿ ಇದ್ದಾಗ ಮೊದಲು ಗೇಟಿನ ಬೋರ್ಡಲ್ಲಿ ಕನ್ನಡದಲ್ಲಿ ಬರೆಯಿರಿ, ಆನ್‌ಲೈನ್ ಆಮೇಲೆ.

ಖರ್ಚು ಮತ್ತು ರಿಜಿಸ್ಟರ್

ಅಂಗಡಿಯವರಿಂದ ತಗೊಳ್ಳುವ ಮೇಂಟೆನೆನ್ಸ್ ದುಡ್ಡಿನಲ್ಲಿ ಪ್ರಚಾರಕ್ಕೆ ಅಂತ ಒಂದು ಪಾಲು ಇರುತ್ತದೆ. ಫ್ಲೆಕ್ಸ್‌ಗೆ, ಡಿಜೆಗೆ ಹೋಗುತ್ತಿದ್ದ ಆ ದುಡ್ಡಿನಲ್ಲಿ ಅರ್ಧ ಇತ್ತ ತಿರುಗಿಸಿ, ಎಷ್ಟು ತಿರುಗಿಸಿದಿರಿ ಅಂತ ಅಂಗಡಿಯವರಿಗೆ ಲೆಕ್ಕ ತೋರಿಸಿ. ಒಂದು ಉದ್ದನೆ ರಿಜಿಸ್ಟರ್ ಇಡಿ. ಯಾವ ಸಂಘ ಬಂತು, ಎಷ್ಟು ವ್ಯಾಪಾರ ಆಯಿತು, ಮತ್ತೆ ಬಂದರಾ, ಓದುವ ಕೋಣೆಯಲ್ಲಿ ಎಷ್ಟು ಕುರ್ಚಿ ತುಂಬಿತ್ತು, ಬೀದಿಯವರ ದೂರು ಏನು, ಯಾವತ್ತು ಸರಿಮಾಡಿದಿರಿ. ಫೇಸ್‌ಬುಕ್ ಲೈಕ್ ಎಷ್ಟು ಅನ್ನೋದು ಅದರಲ್ಲಿ ಬೇಡ. ‘ಮತ್ತೆ ಬಂದರಾ’ ಅನ್ನುವ ಕಾಲಮ್ಮು ಖಾಲಿ ಬೀಳುತ್ತಾ ಹೋದರೆ ಆ ಕೆಲಸದಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ, ಹೋಗಿ ಕೇಳಿ.

ಕೊನೆಯದಾಗಿ, ಮ್ಯಾನೇಜರ್‌ಗಳು ಎರಡು ವರ್ಷಕ್ಕೆ ಬದಲಾಗುತ್ತಾರೆ, ಹೊಸಬರು ಬಂದ ಕೂಡಲೇ ಶನಿವಾರದ ಟೇಬಲ್ ಜಾಗದಲ್ಲಿ ಮೊಬೈಲ್ ಕವರ್ ಕಿಯೋಸ್ಕ್ ಹಾಕಿಸಿ ಬಾಡಿಗೆ ಬಂತು ಅಂತಾರೆ. ಅದಕ್ಕೆ ಆ ಜಾಗ, ಬುತ್ತಿ ಬೆಂಚು, ಓದುವ ಕೋಣೆ ಮೂರನ್ನೂ ಮಾಲಿನ ನಕ್ಷೆಯಲ್ಲೇ ಗುರುತು ಹಾಕಿಸಿ. ಅಂಗಡಿಯವರ ಜೊತೆ ಬಾಡಿಗೆ ಕರಾರು ಬರೆಸುವಾಗ ಅದನ್ನೂ ಒಂದು ಷರತ್ತಾಗಿ ಸೇರಿಸಿ, ಸಹಿ ಹಾಕಿಸಿಕೊಳ್ಳಿ.